ನಮ್ಮೂರ ರಸ್ತೆ ಸುರಕ್ಷಿತ ಆಗಬೇಕಾ? ಪಂಚಾಯಿತಿ, ಪುರಸಭೆಯಿಂದ ಕೆಲಸ ಮಾಡಿಸುವುದು ಹೀಗೆ

ಊರಲ್ಲಿ ಅಪಘಾತ ಆದ ಮರುದಿನ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಜನ ಸೇರಿ ರಸ್ತೆ ತಡೆ ಮಾಡುತ್ತಾರೆ. ಪೊಲೀಸರು ಬಂದು ಸಮಾಧಾನ ಹೇಳುತ್ತಾರೆ. 'ಹಂಪ್ ಹಾಕಿಸಿ' ಅನ್ನುವುದು ಒಂದೇ ಬೇಡಿಕೆ. ಕೆಲವು ದಿನಗಳಲ್ಲಿ ಯಾರೋ ಮಿಕ್ಕ ಕಾಂಕ್ರೀಟ್ ಸುರಿದು ಒಂದು ದಿಬ್ಬ ಎಬ್ಬಿಸುತ್ತಾರೆ. ಬಣ್ಣ ಇಲ್ಲ, ಮುಂಚೆ ಬೋರ್ಡ್ ಇಲ್ಲ. ಆಮೇಲೆ ರಾತ್ರಿ ಬೈಕಿನವರು ಅದೇ ದಿಬ್ಬದ ಮೇಲೆ ಹಾರಿ ಬೀಳುತ್ತಾರೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ಸುಮ್ನೆ ನಡೆದುಕೊಂಡು ಹೋಗುತ್ತಿದ್ದವರು. ಬೈಕ್, ಸ್ಕೂಟರ್‌ನವರು ಒಟ್ಟು ಸಾವಿನಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ. ಇವರೆಲ್ಲ ದೊಡ್ಡ ಹೈವೇಯಲ್ಲೇ ಸತ್ತವರಲ್ಲ. ಶಾಲೆ ಗೇಟಿನ ಮುಂದೆ, ಸಂತೆ ಬೀದಿಯಲ್ಲಿ, ಊರಿನ ಕೂಡುರಸ್ತೆಯಲ್ಲೂ ಜೀವ ಹೋಗುತ್ತದೆ. ಅಂಥ ಜಾಗಗಳಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗೆ ಮಾಡಲು ಸಾಕಷ್ಟು ಕೆಲಸ ಇದೆ. ಆದರೆ ಯಾವುದು ಅವರ ಕೈಯಲ್ಲಿದೆ, ಯಾವುದು ಇಲ್ಲ ಎಂಬುದು ನಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆಯುವುದೇ ಆಗುತ್ತದೆ.

ಮೊದಲು ರಸ್ತೆ ಯಾರದ್ದು ನೋಡಿ

ಊರೊಳಗೆ ಹಾದುಹೋದ ಮಾತ್ರಕ್ಕೆ ರಸ್ತೆ ಪಂಚಾಯಿತಿಯದ್ದು ಆಗುವುದಿಲ್ಲ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ, ಬಹುತೇಕ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯದ್ದು. ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ ಅಥವಾ ನಗರದ ರಸ್ತೆ. ಕಲ್ಲು ಕಿತ್ತುಹೋಗಿದ್ದರೆ ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅಥವಾ ಪುರಸಭೆಯ ಜೂನಿಯರ್ ಇಂಜಿನಿಯರ್ ಹತ್ತಿರ ಕೇಳಿ. ಒಂದು ನಿಮಿಷದ ಮಾತು.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಅಂದರೆ ಜನ ಹೇಳುವ ಪಿಡಬ್ಲ್ಯುಡಿ. ರಾಷ್ಟ್ರೀಯ ಹೆದ್ದಾರಿ ಕೆಲವು ಕಡೆ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದೆ, ಕೆಲವು ಕಡೆ ಪಿಡಬ್ಲ್ಯುಡಿಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿದೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳನ್ನು ಹೆಚ್ಚಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಊರೊಳಗಿನ ಬೀದಿ, ಓಣಿ, ಕೇರಿ ರಸ್ತೆಗಳು ಮಾತ್ರ ಸ್ಥಳೀಯ ಸಂಸ್ಥೆಯವು.

ಗ್ರಾಮ ಸಡಕ್ ಯೋಜನೆಯ ರಸ್ತೆ ಆಗಿದ್ದರೆ ಒಂದು ಅನುಕೂಲ ಇದೆ. ಕೆಲಸ ಮುಗಿದು ಐದು ವರ್ಷದವರೆಗೆ ಅದರ ನಿರ್ವಹಣೆ ಗುತ್ತಿಗೆದಾರನದ್ದೇ. ರಸ್ತೆ ಶುರುವಾಗುವ ಕಡೆ ಬೋರ್ಡಿನಲ್ಲಿ ಮುಗಿದ ದಿನಾಂಕ ಬರೆದಿರುತ್ತಾರೆ. ಐದು ವರ್ಷ ಆಗಿಲ್ಲ ಅಂದರೆ ಗುಂಡಿ ಮುಚ್ಚಲು ಪಂಚಾಯಿತಿ ದುಡ್ಡು ಬೇಕಿಲ್ಲ. 'ಮೇರಿ ಸಡಕ್' ಆ್ಯಪ್‌ನಲ್ಲಿ ಫೋಟೊ ಹಾಕಿ ದೂರು ಕೊಡಬಹುದು. ರಾಷ್ಟ್ರೀಯ ಹೆದ್ದಾರಿಯ ತೊಂದರೆಗೆ 1033 ಸಹಾಯವಾಣಿ ಇದೆ.

ಜಾಗದಲ್ಲಿ ನಿಂತು ನೋಡಿ

ಅರ್ಜಿ ಬರೆಯುವ ಮುಂಚೆ ಆ ಜಾಗದಲ್ಲಿ ನಿಲ್ಲಿ. ಒಮ್ಮೆ ಶಾಲೆ ಬಿಡುವ ಹೊತ್ತಿಗೆ, ಒಮ್ಮೆ ಕತ್ತಲಾದ ಮೇಲೆ. ಹಗಲಲ್ಲಿ ಕಾಣುವ ರಸ್ತೆಯೇ ಬೇರೆ, ರಾತ್ರಿ ಕಾಣುವುದೇ ಬೇರೆ.

ಶಾಲೆ ಗೇಟಿನ ಹತ್ತಿರ ಆದರೆ ಒಂದು ಕೆಲಸ ಮಾಡಿ. ಮಕ್ಕಳು ರಸ್ತೆ ದಾಟುವ ಕಡೆ, ಮೂರನೇ ಕ್ಲಾಸಿನ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಎರಡೂ ಕಡೆ ನೋಡಿ. ನಿಂತಾಗ ನಿಮಗೆ ಬರುವ ಗಾಡಿ ಚೆನ್ನಾಗಿ ಕಾಣುತ್ತಿತ್ತು. ಈಗ ಏನು ಕಾಣುತ್ತದೆ? ನಿಲ್ಲಿಸಿದ ಕಾರಿನ ಬಾನೆಟ್, ಎಳನೀರು ಗಾಡಿಯ ಚಕ್ರ, ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್‌ನ ಕೆಳಗಿನ ಅಂಚು, ಬೇಲಿಯಿಂದ ಚಾಚಿಕೊಂಡ ಲಂಟಾನ. ಮಗುವಿಗೆ ಗಾಡಿ ಕಾಣುತ್ತಿಲ್ಲ, ಗಾಡಿಯವನಿಗೆ ಮಗು ಕಾಣುತ್ತಿಲ್ಲ. ಅದೇ ಎತ್ತರದಿಂದ ಮೊಬೈಲಲ್ಲಿ ಒಂದು ಫೋಟೊ ತೆಗೆಯಿರಿ. ಸಭೆಯಲ್ಲಿ ಹತ್ತು ನಿಮಿಷ ಮಾತಾಡಿ ಹೇಳುವುದನ್ನು ಆ ಫೋಟೊ ಹೇಳುತ್ತದೆ.

ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಬಂದಿರುತ್ತದೆ. 60 ಇದ್ದರೆ 16 ಮೀಟರಿಗೂ ಜಾಸ್ತಿ. ಎದುರಿಗೆ ಏನೋ ಇದೆ ಅಂತ ತಲೆಗೆ ಹೊಳೆದು ಕಾಲು ಬ್ರೇಕ್ ಮೇಲೆ ಬೀಳಲು ಸುಮಾರು ಒಂದು ಸೆಕೆಂಡಾದರೂ ಬೇಕು. ಹಾಗಾಗಿ 'ದೂರದಿಂದ ಕಾಣುವ ಹಾಗೆ ಮಾಡುವುದು' ಅರ್ಧ ಕೆಲಸ.

ಅಂಕಿ-ಅಂಶ ಬೇಕಾದರೆ ಪೊಲೀಸ್ ಠಾಣೆಯಲ್ಲಿ ಸಿಗುತ್ತದೆ. ಈಗ ಪ್ರತಿ ಅಪಘಾತದ ಜಾಗವನ್ನು ಪೊಲೀಸರು 'ಐರಾಡ್' ಎಂಬ ವ್ಯವಸ್ಥೆಯಲ್ಲಿ ಮೊಬೈಲ್‌ನಿಂದಲೇ ದಾಖಲಿಸುತ್ತಾರೆ. ಆದರೆ ಕೇಸ್ ಆಗದ ಬೀಳುವಿಕೆಗಳೇ ಜಾಸ್ತಿ. ಅವನ್ನು ತಿಳಿಯಲು ಮೂಲೆಯ ಗೂಡಂಗಡಿಯವರನ್ನೋ ಆಟೊ ಸ್ಟ್ಯಾಂಡಿನವರನ್ನೋ ಕೇಳಿ. ಬಿದ್ದವರನ್ನು ಎತ್ತಿ ನೀರು ಕೊಟ್ಟವರು ಅವರೇ. ಮಳೆ ಬಂದ ದಿನ ಎಲ್ಲಿ ಜಾರುತ್ತದೆ, ಯಾವ ಹೊತ್ತಿನ ಬಸ್ ಎಲ್ಲಿ ಅಡ್ಡ ನಿಲ್ಲುತ್ತದೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ತಿಂಗಳು ಮತ್ತು ಹೊತ್ತು ಹಾಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಹೆದ್ದಾರಿಯಲ್ಲಾದರೆ ಇನ್ನೊಂದು ಲೆಕ್ಕ ಇದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎನ್ನುತ್ತಾರೆ. ನಿಮ್ಮ ಜಾಗ ಆ ಲೆಕ್ಕಕ್ಕೆ ಬಂದರೆ ಅರ್ಜಿಯಲ್ಲಿ ಆ ಪದ ಬಳಸಿಯೇ ಬರೆಯಿರಿ. ಕಡತಕ್ಕೆ ತೂಕ ಬರುತ್ತದೆ.

ಏನು ಕೇಳಬೇಕು ಅಂತ ತೀರ್ಮಾನಿಸಿ

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಂಪ್ ಕೇಳುವುದು ಕೊನೆಯದಾಗಿರಲಿ. ಅದಕ್ಕಿಂತ ಮುಂಚೆ ಸ್ಥಳೀಯ ಸಂಸ್ಥೆ ಯಾರನ್ನೂ ಕೇಳದೆ, ಕಡಿಮೆ ದುಡ್ಡಿನಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿ ಉದ್ದವಿದೆ.

ಬೀದಿ ದೀಪ ಮೊದಲನೆಯದು. ಕಂಬ, ತಂತಿ ವಿದ್ಯುತ್ ಕಂಪನಿಯದ್ದು. ದೀಪ, ಅದರ ರಿಪೇರಿ, ಕರೆಂಟ್ ಬಿಲ್ ಪಂಚಾಯಿತಿ ಅಥವಾ ಪುರಸಭೆಯದ್ದು. ಹಾಗಾಗಿ 'ದೀಪ ಉರಿಯುತ್ತಿಲ್ಲ' ಎಂದು ಲೈನ್‌ಮನ್ ಹತ್ತಿರ ಜಗಳ ಆಡಿದರೆ ಪ್ರಯೋಜನ ಇಲ್ಲ. ಕಂಬವೇ ಇಲ್ಲ ಅಂದರೆ ಮಾತ್ರ ವಿದ್ಯುತ್ ಕಂಪನಿಯ ಮಾತು ಬರುತ್ತದೆ. ಅರ್ಜಿಯಲ್ಲಿ ಕಂಬದ ನಂಬರ್ ಬರೆಯಿರಿ. 'ದೇವಸ್ಥಾನದ ಹತ್ತಿರದ ದೀಪ' ಎಂದರೆ ಯಾರೂ ಬರುವುದಿಲ್ಲ.

ಆಮೇಲೆ ಗಿಡಗಂಟಿ. ತಿರುವಿನ ಒಳಬದಿಯ ಪೊದೆ ಕಡಿದರೆ ಎದುರಿನ ಗಾಡಿ ಕಾಣುತ್ತದೆ. ಮರವನ್ನೇ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ಮರದ ಬುಡಕ್ಕೆ ಬಿಳಿ ಬಣ್ಣ ಬಳಿದು ರಿಫ್ಲೆಕ್ಟರ್ ಹೊಡೆದರೆ ಎಷ್ಟೋ ಕಡೆ ಸಾಕು.

ತೆರೆದ ಚರಂಡಿ, ಮುರಿದ ಸ್ಲ್ಯಾಬ್, ತಡೆಗೋಡೆ ಇಲ್ಲದ ಮೋರಿ ಕೂಡ ಅವರದ್ದೇ ಕೆಲಸ. ಫುಟ್‌ಪಾತ್ ಇದ್ದರೆ ಅದು ನಡೆಯಲು ಖಾಲಿ ಇದೆಯಾ ನೋಡಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚಿನ ಕಲ್ಲು 15 ಸೆಂ.ಮೀ. ಗಿಂತ ಎತ್ತರ ಇರಬಾರದು. ನಮ್ಮ ಎಷ್ಟೋ ಪಟ್ಟಣಗಳಲ್ಲಿ ಫುಟ್‌ಪಾತ್ ಮೊಣಕಾಲೆತ್ತರ ಇರುತ್ತದೆ. ಅಜ್ಜಿಯರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ. ಬೀದಿ ವ್ಯಾಪಾರಿಗಳನ್ನು ಎಬ್ಬಿಸಿ ಅಂತ ಮಾತ್ರ ಕೂಗಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೆ ಜಾಗ ಗುರುತಿಸಿ ಕೊಡಲು ಪಟ್ಟಣದಲ್ಲಿ ಮಾರಾಟ ಸಮಿತಿ ಇರಬೇಕು. ಆ ಸಮಿತಿಯ ಮುಂದೆ 'ತಿರುವಿನಿಂದ ಆಚೆ ಜಾಗ ಕೊಡಿ' ಎಂದು ಇಟ್ಟರೆ ವ್ಯಾಪಾರವೂ ಉಳಿಯುತ್ತದೆ, ದಾರಿಯೂ ಸಿಗುತ್ತದೆ.

ಫ್ಲೆಕ್ಸ್ ತೆಗೆಸುವುದು, ಬಿಡಾಡಿ ದನ ಹಿಡಿದು ದೊಡ್ಡಿಗೆ ಹಾಕುವುದು, ಮನೆ ಕಟ್ಟುವವರು ರಸ್ತೆಗೆ ಸುರಿದ ಜಲ್ಲಿ-ಎಂ.ಸ್ಯಾಂಡ್ ಎತ್ತಿಸುವುದು, ಇವೂ ಅವರ ಅಧಿಕಾರದಲ್ಲೇ ಇವೆ. ಫ್ಲೆಕ್ಸ್ ವಿಷಯ ಸ್ವಲ್ಪ ನಾಜೂಕು ಅನ್ನಿ. ಅದರಲ್ಲಿ ಯಾರ ಫೋಟೊ ಇದೆ ಅನ್ನುವುದರ ಮೇಲೆ ಕೆಲಸ ನಡೆಯುತ್ತದೆ.

ಪೈಪ್‌ಲೈನ್ ಹಾಕಲು ಅಗೆದು ಬಿಟ್ಟ ಕಾಲುವೆ ಈಗ ಹಳ್ಳಿಹಳ್ಳಿಯ ಸಮಸ್ಯೆ. ರಸ್ತೆ ಅಗೆದವರೇ ಅದನ್ನು ಮೊದಲಿನ ಹಾಗೆ ಮಾಡಿಕೊಡಬೇಕು. ಅನುಮತಿ ಪತ್ರದ ನಕಲು ಕೇಳಿ. ಯಾರು ಅಗೆದರು, ಮುಚ್ಚಲು ಎಷ್ಟು ಠೇವಣಿ ಇಟ್ಟಿದ್ದಾರೆ, ಎಲ್ಲ ಅದರಲ್ಲಿ ಇರಬೇಕು.

ಇನ್ನು ಹಂಪ್. ನಿಜವಾಗಿ ಬೇಕು ಅಂದರೆ ಸರಿಯಾದ ಹಂಪ್ ಕೇಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಅಳತೆ ಇದೆ. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್, ಅಂದರೆ ಸುಮಾರು 12 ಅಡಿ ಅಗಲ. ನಡುವಿನಲ್ಲಿ 10 ಸೆಂ.ಮೀ., ಅಂದರೆ ನಾಲ್ಕು ಇಂಚು ಎತ್ತರ. ಮೇಲೆ ಕಪ್ಪು-ಬಿಳಿ ಪಟ್ಟೆ. ಸುಮಾರು 40 ಮೀಟರ್ ಮುಂಚೆ ಎಚ್ಚರಿಕೆ ಬೋರ್ಡ್. ಇಂಥ ಹಂಪ್ ಮೇಲೆ 25ರ ವೇಗದಲ್ಲಿ ಹೋದರೆ ಸೊಂಟ ಉಳಿಯುತ್ತದೆ, ಜೋರಾಗಿ ಹೋದರೆ ಗೊತ್ತಾಗುತ್ತದೆ. ನಾವು ನೋಡುವ ಎರಡಡಿ ಅಗಲದ ದಿಬ್ಬಕ್ಕೆ ಯಾವ ಪುಸ್ತಕದಲ್ಲೂ ಜಾಗ ಇಲ್ಲ. ಆಂಬ್ಯುಲೆನ್ಸ್‌ನಲ್ಲಿ ಮಲಗಿದವರಿಗೆ, ಬೈಕ್ ಹಿಂದೆ ಕೂತ ಬಸುರಿಗೆ ಅದೇ ಅಪಾಯ.

ಎಲ್ಲಿ ಹಾಕಬೇಕು ಅನ್ನುವುದಕ್ಕೂ ನಿಯಮ ಇದೆ. ಹಳ್ಳಿ ರಸ್ತೆ ಬಂದು ಹೆದ್ದಾರಿಗೆ ಸೇರುವ ಕಡೆ ಹಂಪ್ ಹಳ್ಳಿ ರಸ್ತೆಯ ಮೇಲೆ ಇರಬೇಕು, ಸೇರುವ ಸ್ವಲ್ಪ ಮುಂಚೆ. ಹೆದ್ದಾರಿ ಮೇಲಲ್ಲ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಸ್ಪೀಡ್ ಬ್ರೇಕರ್‌ಗಳನ್ನು ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಅಲ್ಲಿಗೆ ರಂಬಲ್ ಸ್ಟ್ರಿಪ್ (ಗಾಡಿ ಅದುರಿಸಿ ಎಚ್ಚರಿಸುವ ತೆಳು ಅಡ್ಡಪಟ್ಟಿಗಳು), ಸೋಲಾರ್ ಬ್ಲಿಂಕರ್, ಬೋರ್ಡ್, ದೀಪ ಕೇಳಬಹುದು. ಅಂಡರ್‌ಪಾಸ್ ಕೂಡ ಕೇಳಬಹುದು, ಆದರೆ ಅದು ವರ್ಷಗಟ್ಟಲೆಯ ಕೆಲಸ.

ಅರ್ಜಿ ಬರೆಯಿರಿ

ಒಂದು ಜಾಗಕ್ಕೆ ಒಂದು ಅರ್ಜಿ. 'ಊರಿನ ಎಲ್ಲ ರಸ್ತೆ ಸರಿಪಡಿಸಿ' ಎಂದರೆ ಯಾವುದೂ ಆಗುವುದಿಲ್ಲ. ಹೀಗಿದ್ದರೆ ಸಾಕು:

'ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ವಿಷಯ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಮುಂದಿನ ತಿರುವಿನಲ್ಲಿ ರಸ್ತೆ ಸುರಕ್ಷತೆ ಬಗ್ಗೆ. ಈ ಜಾಗದಲ್ಲಿ ಹೋದ ಜೂನ್‌ನಿಂದ ಇಷ್ಟು ಜನ ಬಿದ್ದು ಗಾಯಗೊಂಡಿದ್ದಾರೆ (ಪಟ್ಟಿ ಲಗತ್ತಿಸಿದೆ). ಇಂತಿಂಥ ನಂಬರಿನ ಕಂಬಗಳಲ್ಲಿ ದೀಪ ಇಲ್ಲ. ತಿರುವಿನ ಪೊದೆಯಿಂದ ಎದುರಿನ ಗಾಡಿ ಕಾಣುವುದಿಲ್ಲ (ಫೋಟೊ ಲಗತ್ತಿಸಿದೆ). ದೀಪ ಹಾಕಿಸಿ, ಪೊದೆ ತೆಗೆಸಿ, ಶಾಲಾ ವಲಯದ ಬೋರ್ಡ್ ಹಾಕಲು ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಬೇಕೆಂದು ಕೋರುತ್ತೇವೆ. ಸ್ಥಳ ಪರಿಶೀಲನೆ ಮಾಡಿ ಹಿಂಬರಹ ಕೊಡಬೇಕಾಗಿ ವಿನಂತಿ.'

ಶಾಲೆಯ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಅಕ್ಕಪಕ್ಕದ ಮನೆಯವರ ಸಹಿ ಇರಲಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಪಟ್ಟಣದಲ್ಲಾದರೆ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರ ಹೆಸರಿಗೆ ಬರೆದು ಟಪಾಲು ವಿಭಾಗದಲ್ಲಿ ಕೊಡಬೇಕು. ಬಾಯಲ್ಲಿ ಹೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಸದಸ್ಯರಿಗೆ ಕಳಿಸಿದ್ದು ಯಾವ ಕಡತಕ್ಕೂ ಸೇರುವುದಿಲ್ಲ.

ಸಭೆಯಲ್ಲಿ ನಿರ್ಣಯ ಆಗಬೇಕು

ಅರ್ಜಿ ಕೊಟ್ಟು ಕೂತರೆ ಸಾಲದು. ಗ್ರಾಮ ಪಂಚಾಯಿತಿಯಲ್ಲಿ ವಾರ್ಡ್ ಸಭೆ ಮತ್ತು ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಹಾಗೆ ಹೇಳುತ್ತದೆ. ವಾರ್ಡ್ ಸಭೆಯಲ್ಲಿ ವಿಷಯ ಎತ್ತಿ, ಗ್ರಾಮ ಸಭೆಗೆ ಬರುವ ಪಟ್ಟಿಯಲ್ಲಿ ಸೇರಿಸಿ. ಸಭೆ ಮುಗಿಯುವ ಮುಂಚೆ ಕಾರ್ಯದರ್ಶಿಯ ಹತ್ತಿರ ಹೋಗಿ, ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಿದ್ದಾರಾ ನೋಡಿ. 'ಚರ್ಚಿಸಲಾಯಿತು' ಎಂದು ಬರೆದಿದ್ದರೆ ಆಗಿದ್ದು ಏನೂ ಇಲ್ಲ. 'ನಿರ್ಣಯಿಸಲಾಯಿತು' ಅಂತ ಇರಬೇಕು. ಯಾರು, ಯಾವ ಅನುದಾನದಲ್ಲಿ ಮಾಡಬೇಕು ಎಂಬುದೂ ಇದ್ದರೆ ಇನ್ನೂ ಒಳ್ಳೆಯದು.

ಮಕ್ಕಳ ಗ್ರಾಮ ಸಭೆಯನ್ನು ಮರೆಯಬೇಡಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಹೊತ್ತಿಗೆ, ಮಕ್ಕಳೇ ಮಾತಾಡುವ ಸಭೆ ಇದು. ಆರನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು 'ಸಾರ್, ನಮ್ಮ ಗೇಟ್ ಮುಂದೆ ಲಾರಿ ಜೋರಾಗಿ ಬರುತ್ತೆ, ನಾವು ಹೆಂಗೆ ದಾಟೋದು?' ಎಂದು ಕೇಳಿದರೆ ದೊಡ್ಡವರಿಗೆ ನುಣುಚಿಕೊಳ್ಳುವುದು ಕಷ್ಟ. ಶಾಲೆಯ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ವೇದಿಕೆ ಇಲ್ಲ.

ಪುರಸಭೆ, ನಗರಸಭೆಯಲ್ಲಿ ಜನರಿಗೆ ನೇರವಾಗಿ ಮಾತಾಡುವ ಅವಕಾಶ ಕಮ್ಮಿ. ವಾರ್ಡಿನ ಸದಸ್ಯರ ಮೂಲಕ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಸೇರಿಸಬೇಕು. ಬಜೆಟ್ ಮುಂಚೆ ಕರೆಯುವ ಪೂರ್ವಭಾವಿ ಸಭೆಗೆ ಮಾತ್ರ ಸಾರ್ವಜನಿಕರನ್ನು ಕರೆಯುತ್ತಾರೆ. ಅಲ್ಲಿ ಬರುವವರು ಬೆರಳೆಣಿಕೆ, ಹಾಗಾಗಿ ಹೋದವರ ಮಾತು ಕೇಳಿಸುತ್ತದೆ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅರ್ಜಿ ಅವರಿಗೇ ಕೊಡಿ. ಕೆಲಸ ನಿಲ್ಲಬೇಕಿಲ್ಲ.

ಅವರ ಕೈಯಲ್ಲಿ ಇಲ್ಲದ್ದು

ವೇಗದ ಮಿತಿ ಇಳಿಸುವುದು, ಏಕಮುಖ ಸಂಚಾರ, ಭಾರಿ ವಾಹನಗಳಿಗೆ ಹೊತ್ತು ನಿಗದಿ, ಪಾರ್ಕಿಂಗ್ ನಿಷೇಧ, ಇವನ್ನು ಪಂಚಾಯಿತಿ ತಾನೇ ಜಾರಿ ಮಾಡಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸುತ್ತಾರೆ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್. ಅಧಿಸೂಚನೆ ಇಲ್ಲದ ಬೋರ್ಡ್ ಹಾಕಿದರೆ ಪೊಲೀಸರಿಗೆ ದಂಡ ಹಾಕಲು ಕಷ್ಟ. ಹೆಲ್ಮೆಟ್, ಕುಡಿದು ಓಡಿಸುವುದು ಪೂರ್ತಿ ಪೊಲೀಸರ ಕೆಲಸ.

ಆದರೆ ಸ್ಥಳೀಯ ಸಂಸ್ಥೆಯ ನಿರ್ಣಯದ ಪ್ರತಿ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಆರ್‌ಟಿಒ, ಪಿಡಬ್ಲ್ಯುಡಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. 'ರಸ್ತೆ ಅವರದ್ದು', 'ಕೇಸ್ ಇವರದ್ದು' ಎಂಬ ಆಟ ಅಲ್ಲಿ ನಡೆಯುವುದು ಕಷ್ಟ. ಪಂಚಾಯಿತಿಯ ನಿರ್ಣಯ, ನಿಮ್ಮ ಪಟ್ಟಿ, ಫೋಟೊ ಸೇರಿಸಿ 'ಮುಂದಿನ ರಸ್ತೆ ಸುರಕ್ಷತಾ ಸಮಿತಿ ಸಭೆಯಲ್ಲಿ ಮಂಡಿಸಬೇಕು' ಎಂದು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ.

ಇಲಾಖೆ ಅಥವಾ ಗುತ್ತಿಗೆದಾರ ತೀರಾ ಉದಾಸೀನ ಮಾಡಿದರೆ ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನು ಪತ್ರದಲ್ಲಿ ನೆನಪಿಸಿ. 2019ರ ತಿದ್ದುಪಡಿಯಲ್ಲಿ ಬಂದದ್ದು ಇದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮೊತ್ತ ದೊಡ್ಡದಲ್ಲ. ಆದರೆ ಮುಂಚೆಯೇ ಲಿಖಿತವಾಗಿ ತಿಳಿಸಿದ್ದರು ಎಂಬ ದಾಖಲೆ ಇದ್ದರೆ ಅಧಿಕಾರಿ ಎರಡು ಸಲ ಯೋಚಿಸುತ್ತಾರೆ.

ದುಡ್ಡು, ಮತ್ತೆ ಹೊತ್ತು

'ಅನುದಾನ ಇಲ್ಲ' ಅನ್ನುವ ಮಾತು ಖಂಡಿತ ಬರುತ್ತದೆ. ಒಮ್ಮೊಮ್ಮೆ ನಿಜವೂ ಹೌದು. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಗ್ರಾಮ ಪಂಚಾಯಿತಿಗೆ ಬಂದ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದ 40ರಲ್ಲಿ ಉಳಿದೆಲ್ಲ. ಹಾಗಾಗಿ ದೀಪ, ಬೋರ್ಡ್, ಬಣ್ಣದಂಥ ಸಣ್ಣ ಕೆಲಸಕ್ಕೆ ಮನೆ ಕಂದಾಯದಿಂದ ಬರುವ ಸ್ವಂತ ಹಣದಲ್ಲಿ ಮಾಡಿ ಎಂದು ಕೇಳಿ. ದೊಡ್ಡ ಕೆಲಸಕ್ಕೆ ಶಾಸಕರ ನಿಧಿ ಇದೆ.

ಕೇಳುವ ಹೊತ್ತು ಮುಖ್ಯ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಕ್ರಿಯಾ ಯೋಜನೆ ಆಗಲೇ ಮುಗಿದಿರುತ್ತದೆ.

ಕೆಲಸ ನಡೆಯುವಾಗ ಹತ್ತಿರ ಇರಿ

ಕೆಲಸ ಮಾಡುವ ದಿನ ಟೇಪ್ ಹಿಡಿದು ಹೋಗಿ. ಜಗಳಕ್ಕಲ್ಲ. ಹಂಪ್ ಆದರೆ ಅಗಲ, ಎತ್ತರ ಅಳೆಯಿರಿ. ಕಾಂಕ್ರೀಟ್ ಹಸಿ ಇರುವಾಗ ಸರಿ ಮಾಡಿಸುವುದು ಸುಲಭ. ಅಂದಾಜುಪಟ್ಟಿಯಲ್ಲಿ ಏನಿತ್ತು ಎಂದು ತಿಳಿಯಲು ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ವಾಪಸ್ ಬರುತ್ತದೆ.

ದೀಪ ಹಾಕಿದ ಮೇಲೆ ರಾತ್ರಿ ಮತ್ತೆ ಅದೇ ಜಾಗದಲ್ಲಿ ನಿಲ್ಲಿ. ಬೆಳಕು ರಸ್ತೆಗೆ ಬೀಳುತ್ತಿದೆಯಾ, ಪಕ್ಕದ ಮಾವಿನ ಮರಕ್ಕೆ ಬೀಳುತ್ತಿದೆಯಾ? ಬೋರ್ಡ್ ಕೊಂಬೆಯ ಹಿಂದೆ ಸಿಕ್ಕಿಕೊಂಡಿದೆಯಾ? ಪಟ್ಟೆಯ ಬಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ, ಹಾಗಾಗಿ ಮಳೆ ನಿಂತ ಮೇಲೆ ಮತ್ತೆ ಬಳಿಸಲು ಆಗಲೇ ಬರೆದು ಕೊಡಿ. ಮುಂದಿನ ಗ್ರಾಮ ಸಭೆಯ ಶುರುವಿನಲ್ಲಿ ಹಿಂದಿನ ನಿರ್ಣಯಗಳ ಅನುಪಾಲನಾ ವರದಿ ಓದುತ್ತಾರೆ. ಎಷ್ಟೋ ಕಡೆ 'ಎಲ್ಲ ಓದಿದ ಹಾಗೆ ಭಾವಿಸಿ' ಎಂದು ಮುಂದಕ್ಕೆ ಹೋಗುತ್ತಾರೆ. ಎದ್ದು ನಿಂತು, ನಿಮ್ಮ ವಿಷಯದ ನಂಬರ್ ಹೇಳಿ, ಅದೊಂದನ್ನಾದರೂ ಓದಿಸಿ.